ಮಕ್ಕಳಾಗಲಿಲ್ಲ ಎಂಬುದು ಕಾರಣವಲ್ಲ

ನನ್ನ ಮದುವೆ ಅಸಿಂಧು, ಅಂದರೆ ಮೊದಲಿನಿಂದಲೂ ಮದುವೆಯೇ ಆಗಿರಲಿಲ್ಲ, ಎಂದು ಕಥೋಲಿಕ ಧರ್ಮಸಭೆಯ ನ್ಯಾಯಮಂಡಳಿ ತೀರ್ಪು ಕೊಟ್ಟ ಸುದ್ದಿ ನಮ್ಮ ನೆಂಟರಿಷ್ಟರ ನಡುವೆ ಹರಡಿದ್ದು ಹೀಗೆ: "ಮಕ್ಕಳಾಗಲಿಲ್ಲವಂತೆ, ಅದಕ್ಕೇ ಬಿಷಪರು ಬಿಡುಗಡೆ ಕೊಟ್ಟರಂತೆ." ಈ ಮಾತು ನನಗಿಂತ ಹೆಚ್ಚಾಗಿ ಮಕ್ಕಳಿಲ್ಲದ ಬೇರೆ ದಂಪತಿಗಳಿಗೆ ಅನ್ಯಾಯ ಮಾಡುತ್ತದೆ. ನಮ್ಮ ಧರ್ಮಕೇಂದ್ರದಲ್ಲೇ, ಅಂದರೆ ನಮ್ಮ ಚರ್ಚಿನ ವ್ಯಾಪ್ತಿಯಲ್ಲೇ, ಅಂಥವರಿದ್ದಾರೆ. ಭಾನುವಾರದ ಬಲಿಪೂಜೆಗೆ ಜೊತೆಯಾಗಿ ಬಂದು, ಜೊತೆಯಾಗಿ ಹೋಗಿ, ಒಬ್ಬರ ಮಾತ್ರೆಯ ಹೊತ್ತನ್ನು ಇನ್ನೊಬ್ಬರು ನೆನಪಿಟ್ಟುಕೊಂಡು ಬದುಕುತ್ತಿರುವವರು. ಅವರ ಮದುವೆಯಲ್ಲಿ ಊನವಿದೆ ಎಂದು ಧರ್ಮಸಭೆ ಎಂದೂ ಹೇಳಿಲ್ಲ. ಆದ್ದರಿಂದ ನನ್ನ ಪ್ರಕರಣದಲ್ಲಿ ನಡೆದದ್ದೇನು ಎಂಬುದನ್ನು ಬರೆಯಲೇಬೇಕು ಎನಿಸಿತು. ಹೆಸರುಗಳನ್ನು ಬಿಟ್ಟಿದ್ದೇನೆ, ಇದರಲ್ಲಿ ಇನ್ನೊಬ್ಬರ ಬದುಕೂ ಇದೆ.

ನಮ್ಮದು ಕೊಂಕಣಿ ಮಾತನಾಡುವ ಕಥೋಲಿಕ ಮನೆ. ಅಜ್ಜ ಕರಾವಳಿಯಿಂದ ಆಗುಂಬೆ ಘಟ್ಟ ಹತ್ತಿ ಬಂದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿದವರು. ನಾನು ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು, ಮೂಲ ಮಾತ್ರ ಮಲೆನಾಡೇ. ಹಿರಿಯರು ನೋಡಿ ಮಾಡಿದ ಸಂಬಂಧ. ವಿವಾಹಪೂರ್ವ ಶಿಬಿರಕ್ಕೆ ಇಬ್ಬರೂ ಹೋಗಿಬಂದೆವು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ನಮ್ಮ ಮದುವೆಯ ಪ್ರಕಟಣೆ ಓದಿದರು. ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಎಂಬ ಶಾಸ್ತ್ರ ಮಾಡಿದರು. ಪೀಠದ ಮುಂದೆ, ಒಪ್ಪಿಗೆಯ ಮಾತಿಗೆ ಮುಂಚೆ, ಗುರುಗಳು, ಅಂದರೆ ಪಾದ್ರಿಗಳು, ಎಲ್ಲರಿಗೂ ಕೇಳುವುದನ್ನೇ ನಮಗೂ ಕೇಳಿದರು. ಯಾರ ಒತ್ತಾಯವೂ ಇಲ್ಲದೆ ಬಂದಿದ್ದೀರಾ? ಜೀವ ಇರುವವರೆಗೂ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸುತ್ತೀರಾ? ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸುತ್ತೀರಾ? ಮೂರಕ್ಕೂ ಇಬ್ಬರೂ ಹೌದೆಂದೆವು. ಅವರ ಮೂರನೆಯ ಹೌದು ನಿಜವಾಗಿರಲಿಲ್ಲ.

ಅದು ತಿಳಿಯುವುದಕ್ಕೆ ಕಾಲ ಹಿಡಿಯಿತು. ಮೊದಲು ಮನೆಯ ಸಾಲ ತೀರಲಿ ಎಂದರು, ಆಮೇಲೆ ಕೆಲಸ ಖಾಯಂ ಆಗಲಿ ಎಂದರು. ನನಗೇ ಏನಾದರೂ ತೊಂದರೆಯಿರಬಹುದೇ ಎಂದು ಡಾಕ್ಟರಲ್ಲಿಗೆ ಹೊರಟ ದಿನ ಅವರು ಬಾಯಿಬಿಟ್ಟರು: "ನನಗೆ ಮಕ್ಕಳು ಬೇಡ. ಮದುವೆಗೆ ಮುಂಚೆಯೇ ನಿರ್ಧರಿಸಿದ್ದೆ. ಅಮ್ಮನಿಗೂ ಗೊತ್ತಿತ್ತು." ಅವರ ತಾಯಿ, ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ, ಹುಡುಗಿಯ ಕಡೆಯವರ ಹತ್ತಿರ ಈ ಮಾತು ಎತ್ತಬೇಡ ಎಂದು ಹೇಳಿದ್ದರಂತೆ. ದತ್ತು ತೆಗೆದುಕೊಳ್ಳೋಣವೇ ಎಂದು ಕೇಳಿದೆ. ಅದೂ ಬೇಡ ಎಂದರು. ಕೈಮಾಡುವವರಲ್ಲ, ಕುಡಿಯುವವರಲ್ಲ. ಅಂಥವರು ಇಷ್ಟು ದೊಡ್ಡ ವಿಷಯವನ್ನು ಅಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡಿದ್ದರು ಎಂಬುದೇ ನನ್ನನ್ನು ಒಡೆಯಿತು. ಆಪ್ತಸಲಹೆಗೆ ಹೋದೆವು, ಗುರುಗಳ ಹತ್ತಿರ ಕೂತು ಮಾತನಾಡಿದೆವು. ಅವರ ಮನಸ್ಸು ಬದಲಾಗಲಿಲ್ಲ. ನಾನು ಶಿವಮೊಗ್ಗಕ್ಕೆ ವಾಪಸು ಬಂದೆ.

ಮನೆಗೆ ಬಂದುಹೋದವರೆಲ್ಲ ಒಂದೇ ಮಾತು ಹೇಳಿದರು: ಕ್ರೈಸ್ತರಲ್ಲಿ ಮದುವೆ ಮುರಿಯುವಂತಿಲ್ಲ, ಶಿಲುಬೆ ಎಂದುಕೊಂಡು ಹೊರಬೇಕು. ಇದನ್ನು ಹೇಳಿದವರಲ್ಲಿ ಹಲವರು ನನ್ನನ್ನು ಎತ್ತಿ ಆಡಿಸಿದವರು, ನನ್ನ ಕೇಡು ಬಯಸುವವರಲ್ಲ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ಧರ್ಮಸಭೆಯ ಬೋಧನೆ. ಸಿಂಧುವಾಗಿ ನಡೆದು ದೇಹಸಂಬಂಧದಿಂದ ಪೂರ್ಣಗೊಂಡ ಕ್ರೈಸ್ತ ವಿವಾಹವನ್ನು ಮರಣವೊಂದನ್ನು ಬಿಟ್ಟು ಯಾವ ಮಾನವಶಕ್ತಿಯೂ ಬಿಡಿಸಲಾರದು ಎಂಬುದು ನಿಜ; 1983ರ ಧರ್ಮಸಭೆಯ ಕಾನೂನುಸಂಹಿತೆಯ 1141ನೇ ವಿಧಿ ಹಾಗೆನ್ನುತ್ತದೆ. ಅದೇ ಸಂಹಿತೆಯ 1153ನೇ ವಿಧಿ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಅಥವಾ ಸಹಬಾಳ್ವೆ ತೀರಾ ದುಸ್ತರವಾದರೆ ಬೇರೆ ಇರುವುದಕ್ಕೆ ನ್ಯಾಯವಾದ ಕಾರಣವಿದೆ ಎನ್ನುತ್ತದೆ. ತಡಮಾಡುವುದೇ ಅಪಾಯವಾದರೆ ಯಾರ ಅಪ್ಪಣೆಗೂ ಕಾಯದೆ ಹೊರಡಬಹುದು. ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ 1141 ಅನ್ನು ಮಾತ್ರ ಓದಿಹೇಳಿ 1153 ಅನ್ನು ಮುಚ್ಚಿಡುವುದನ್ನು ನಾನು ಪಾಪವೆಂದೇ ತಿಳಿಯುತ್ತೇನೆ.

ಇನ್ನೊಂದು ತಪ್ಪು ತಿಳುವಳಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಗಂಡನಿಂದ ದೂರವಾದವಳು ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಬಾರದು ಎಂದು ನನ್ನ ಅತ್ತೆ, ಅಂದರೆ ತಂದೆಯ ತಂಗಿ, ಇಗರ್ಜಿಯ ಅಂಗಳದಲ್ಲೇ ಹೇಳಿದರು. ಧರ್ಮಕೇಂದ್ರದ ಗುರುಗಳು ಅವರಿಗೆ ನನ್ನೆದುರಿಗೇ ಬಿಡಿಸಿ ಹೇಳಿದರು: ಬೇರೆ ಇರುವವರಿಗೆ, ನ್ಯಾಯಾಲಯದಲ್ಲಿ ವಿಚ್ಛೇದನವಾಗಿ ಮರುಮದುವೆಯಾಗದೆ ಇರುವವರಿಗೆ, ಆ ಒಂದೇ ಕಾರಣಕ್ಕೆ ಪರಮಪ್ರಸಾದ ನಿಷಿದ್ಧವಲ್ಲ. ಈ ವಿಷಯ ಗೊತ್ತಿಲ್ಲದೆ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು ಎದ್ದುಹೋದ ಹೆಂಗಸರನ್ನು ನಾನು ಬಲ್ಲೆ.

ನಮ್ಮ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಅಕ್ಕ ಒಬ್ಬರು ಪ್ರೊಟೆಸ್ಟೆಂಟ್ ಸಭೆಯವರು. ಊಟದ ಬಿಡುವಿನಲ್ಲಿ ಅವರೊಡನೆ ಆಡಿದ ಮಾತುಗಳಿಗೆ ನಾನು ಋಣಿ. "ನಿಮ್ಮವರು ಇಷ್ಟೆಲ್ಲ ಸುತ್ತು ಯಾಕೆ ಹಾಕುತ್ತಾರೆ? ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೇ ಅಧ್ಯಾಯದಲ್ಲಿ ಹಾದರದ ಕಾರಣಕ್ಕೆ ಬಿಡಬಹುದೆಂದು ಯೇಸುಸ್ವಾಮಿಯೇ ವಿನಾಯಿತಿ ಕೊಟ್ಟಿದ್ದಾರಲ್ಲ" ಎಂದು ಅವರು ಕೇಳುತ್ತಿದ್ದರು. ಅವರ ಮಾತಿಗೆ ಆಧಾರವಿದೆ. ಮಾರ್ಕ 10ರಲ್ಲಿ ಮತ್ತು ಲೂಕ 16ರಲ್ಲಿ ಯಾವ ವಿನಾಯಿತಿಯೂ ಇಲ್ಲ. ಮತ್ತಾಯ 5 ಮತ್ತು 19ರಲ್ಲಿ ಇದೆ. ಆ ವಿನಾಯಿತಿಯನ್ನು ಹಿಡಿದು, ಜೊತೆಗೆ ನಂಬದ ಸಂಗಾತಿ ಬಿಟ್ಟುಹೋದರೆ ವಿಶ್ವಾಸಿಗೆ ಕಟ್ಟಿಲ್ಲ ಎಂದು ಪೌಲರು ಕೊರಿಂಥದವರಿಗೆ ಬರೆದದ್ದನ್ನೂ ಹಿಡಿದು, ಹದಿನಾರನೇ ಶತಮಾನದ ಸುಧಾರಕರು ವಿಚ್ಛೇದನಕ್ಕೂ ಮರುಮದುವೆಗೂ ದಾರಿ ತೆರೆದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮದುವೆಯ ಆದರ್ಶವನ್ನು ಸಡಿಲಿಸದೆ, ಮನುಷ್ಯನ ದೌರ್ಬಲ್ಯಕ್ಕೆ ಕನಿಕರಪಟ್ಟು, ಪಶ್ಚಾತ್ತಾಪದ ಛಾಯೆಯಿರುವ ವಿಧಿಯಲ್ಲಿ ಎರಡನೇ ಮದುವೆಗೆ ಅವಕಾಶ ಕೊಡುತ್ತವೆ. ಕಥೋಲಿಕ ಧರ್ಮಸಭೆ 1563ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತನ್ನ ನಿಲುವನ್ನು ಮತ್ತೆ ಗಟ್ಟಿ ಮಾಡಿತು: ಹಾದರವೂ ಬಂಧವನ್ನು ಬಿಡಿಸುವುದಿಲ್ಲ.

ಈ ಮಾತುಕತೆಯಿಂದ ನನಗೆ ದಕ್ಕಿದ್ದು ಬೇರೆಯೇ. ಫರಿಸಾಯರೆಂಬ ಯೆಹೂದ್ಯ ಪಂಥದವರು ಯೇಸುವಿಗೆ ಕೇಳಿದ್ದು, ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೇ ಎಂದು. ಆ ಕಾಲದ ಯೆಹೂದ್ಯರಲ್ಲಿ ಶಮ್ಮಾಯಿ ಎಂಬ ಬೋಧಕರ ಪಂಥದವರು ಲಂಪಟತನ ಒಂದಕ್ಕೇ ಎನ್ನುತ್ತಿದ್ದರು, ಹಿಲ್ಲೇಲ್ ಪಂಥದವರು ಅಡುಗೆ ಕೆಡಿಸಿದರೂ ಸಾಕು ಎನ್ನುತ್ತಿದ್ದರು. ಯೇಸು ಮೊದಲು ಆ ಜಗಳಕ್ಕೆ ಇಳಿಯಲೇ ಇಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡಕ್ಕೆ ಹೋದರು: ಗಂಡುಹೆಣ್ಣಾಗಿ ನಿರ್ಮಿಸಿದ್ದು, ತಂದೆತಾಯಿಯನ್ನು ಬಿಟ್ಟು ಸೇರಿಕೊಳ್ಳುವುದು, ಇಬ್ಬರೂ ಒಂದೇ ಶರೀರವಾಗುವುದು. ಆಮೇಲೆ "ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು" ಎಂದರು. ಬಿಡುವುದರ ಬಗ್ಗೆ ಕೇಳಿದವರಿಗೆ ಕೂಡುವುದರ ಉದ್ದೇಶ ಹೇಳಿದರು. ಮುಂದೆ ನ್ಯಾಯಮಂಡಳಿ ನನಗೂ ಅದನ್ನೇ ಕೇಳಲಿತ್ತು: ನೀವಿಬ್ಬರೂ ಆ ದಿನ ಪೀಠದ ಮುಂದೆ ಕೂಡಿಕೊಂಡದ್ದು ಯಾವುದಕ್ಕೆ?

ನಾಗರಿಕ ವಿಚ್ಛೇದನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಸರಳವಾಗಿ ಮುಗಿಯಿತು. ಕ್ರೈಸ್ತರಿಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. 2001ರ ತಿದ್ದುಪಡಿಗೆ ಮುಂಚೆ ಗಂಡನಿಗೆ ಹೆಂಡತಿಯ ಹಾದರ ತೋರಿಸಿದರೆ ಸಾಕಿತ್ತು, ಹೆಂಡತಿ ಮಾತ್ರ ಹಾದರದ ಜೊತೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸೇರಿಸಿ ಸಾಬೀತುಪಡಿಸಬೇಕಿತ್ತು. ಪರಸ್ಪರ ಒಪ್ಪಿಗೆಯ ವಿಚ್ಛೇದನವಂತೂ ಇರಲೇ ಇಲ್ಲ. ಈಗ 10ಎ ಕಲಮಿನಡಿ ಅದು ಸಾಧ್ಯ. ಕಾಯ್ದೆಯ ಅಕ್ಷರದಲ್ಲಿ ಎರಡು ವರ್ಷ ಬೇರೆ ಇರಬೇಕು ಎಂದಿದೆ. ಹಿಂದೂಗಳಿಗೆ ಒಂದೇ ವರ್ಷ ಇರುವಾಗ ಇದು ತಾರತಮ್ಯ ಎಂದು ಕೇರಳ ಹೈಕೋರ್ಟು 2010ರಲ್ಲಿ ಹೇಳಿತು. ನಾವು ಅಷ್ಟರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇರೆ ಇದ್ದುದರಿಂದ ಆ ಚರ್ಚೆ ನಮಗೆ ಬೇಕಾಗಲಿಲ್ಲ. ಇಬ್ಬರೂ ಒಪ್ಪಿ ಅರ್ಜಿ ಹಾಕಿದೆವು, ಕಾಯುವ ಅವಧಿ ಕಳೆಯಿತು, ಮತ್ತೆ ಹಾಜರಾಗಿ ಡಿಕ್ರಿ ಪಡೆದೆವು.

ಒಂದನ್ನು ಮಾತ್ರ ಒತ್ತಿ ಹೇಳಬೇಕು. ಧರ್ಮಸಭೆಯ ತೀರ್ಪು ಸಿಕ್ಕರೆ ಸರ್ಕಾರದ ಲೆಕ್ಕದಲ್ಲೂ ಬಿಡುಗಡೆಯಾಯಿತು ಎಂದು ನಂಬಿ ಮರುಮದುವೆಯಾದವರು ದ್ವಿಪತ್ನಿತ್ವದ ಮೊಕದ್ದಮೆಯ ಭಯಕ್ಕೆ ಬೀಳುತ್ತಾರೆ. ದಕ್ಷಿಣ ಕನ್ನಡದ ವಕೀಲ ಕ್ಲಾರೆನ್ಸ್ ಪಾಯ್ಸ್ ಇದಕ್ಕೆ ಪರಿಹಾರ ಕೇಳಿ, ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪಿಗೆ ಕಾನೂನಿನ ಮಾನ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಎರಡೂ ಕಡೆ ಬೇರೆಬೇರೆಯಾಗಿಯೇ ಹೋಗಬೇಕು.

ಧರ್ಮಸಭೆಯ ಕಡೆಯ ಕೆಲಸ ಧರ್ಮಕೇಂದ್ರದ ಗುರುಗಳಿಂದ ಶುರುವಾಯಿತು. ಅವರು ಮೊದಲು ಹೇಳಿದ ಮಾತು ನನ್ನನ್ನು ಎಚ್ಚರಿಸಿತು: "ಮಗಳೇ, ಅವರು ನಿನ್ನ ಗಂಡನ ತಪ್ಪನ್ನು ವಿಚಾರಿಸುವುದಿಲ್ಲ. ಮದುವೆ ಚೆನ್ನಾಗಿತ್ತೇ ಎಂದೂ ಕೇಳುವುದಿಲ್ಲ. ಒಪ್ಪಿಗೆ ಕೊಟ್ಟ ಆ ಗಳಿಗೆಯಲ್ಲಿ ಒಪ್ಪಿಗೆ ನಿಜವಾಗಿತ್ತೇ ಎಂಬುದೊಂದನ್ನೇ ನೋಡುತ್ತಾರೆ." ಮದುವೆಯಾದ ಮೇಲೆ ಮನಸ್ಸು ಬದಲಾಗಿ ಮಕ್ಕಳು ಬೇಡ ಎಂದಿದ್ದರೆ ನನ್ನ ಮನವಿ ನಿಲ್ಲುತ್ತಿರಲಿಲ್ಲ. ಬರಿದೆ ಮುಂದೂಡುತ್ತಿದ್ದರೂ ನಿಲ್ಲುತ್ತಿರಲಿಲ್ಲ. ಗಂಡನೋ ಹೆಂಡತಿಯೋ ಬಂಜೆಯಾಗಿರುವುದು ಮದುವೆಗೆ ಅಡ್ಡಿಯೇ ಅಲ್ಲ ಎಂದು 1084ನೇ ವಿಧಿ ನೇರವಾಗಿ ಹೇಳುತ್ತದೆ. ವಯಸ್ಸಾದವರ ಮದುವೆಯಲ್ಲಿ ಮಕ್ಕಳ ಪ್ರಶ್ನೆಯನ್ನು ಗುರುಗಳು ಕೇಳದೆ ಬಿಡಬಹುದು. ಅವರ ಮದುವೆ ಅದರಿಂದ ಕಡಿಮೆಯಾಗುವುದಿಲ್ಲ. ಆದರೆ ಮದುವೆಯ ಒಂದು ಮೂಲ ಗುರಿಯನ್ನು ಮನಸ್ಸಿನಲ್ಲಿ ದೃಢವಾಗಿ ಹೊರಗಿಟ್ಟು ಬಾಯಿಯಲ್ಲಿ ಹೌದೆಂದರೆ, 1101ನೇ ವಿಧಿಯ ಪ್ರಕಾರ ಆ ಒಪ್ಪಿಗೆ ಒಪ್ಪಿಗೆಯಲ್ಲ.

ಗುರಿ ಎಂದರೆ ಏನೆಂದು ನಾನು ಅವರನ್ನೇ ಕೇಳಿದೆ. ಸಂತ ಅಗಸ್ಟೀನರು ಮದುವೆಯಲ್ಲಿ ಮೂರು ಒಳಿತುಗಳನ್ನು ಗುರುತಿಸಿದ್ದರು: ಸಂತಾನ, ನಿಷ್ಠೆ, ಬಿಡಿಸಲಾಗದ ಪವಿತ್ರ ಬಂಧ. 1917ರ ಸಂಹಿತೆ ಸಂತಾನವನ್ನು ಪ್ರಥಮ ಗುರಿ ಎಂದು ಕರೆದು, ಪರಸ್ಪರ ನೆರವನ್ನು ಎರಡನೆಯದಾಗಿ ಇಟ್ಟಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ಮೇಲುಕೀಳಿನ ಶ್ರೇಣಿಯನ್ನು ಬಳಸಲಿಲ್ಲ. ಮದುವೆ ಸಂತಾನಕ್ಕಾಗಿಯಷ್ಟೇ ಸ್ಥಾಪಿತವಾದದ್ದಲ್ಲ, ಮಕ್ಕಳಿಲ್ಲದಿದ್ದರೂ ಅದರ ಮೌಲ್ಯ ಮತ್ತು ಬಂಧ ಉಳಿಯುತ್ತದೆ ಎಂದಿತು. ಈಗಿನ ಸಂಹಿತೆಯ 1055ನೇ ವಿಧಿ ದಂಪತಿಗಳ ಒಳಿತನ್ನೂ ಮಕ್ಕಳ ಜನನ ಪಾಲನೆಯನ್ನೂ ಅಕ್ಕಪಕ್ಕ ಇಡುತ್ತದೆ. ಇದನ್ನು ಕೇಳುತ್ತಾ ನನಗೆ ಸ್ಪಷ್ಟವಾಯಿತು: ನಮ್ಮಿಬ್ಬರ ನಡುವೆ ಇಲ್ಲದಿದ್ದದ್ದು ಮಗುವೊಂದೇ ಅಲ್ಲ. ತಾಯಿಯಾಗುವ ಸಾಧ್ಯತೆಯನ್ನು ನನ್ನಿಂದ ಮೊದಲೇ ಕಿತ್ತುಕೊಂಡು, ಅದನ್ನು ನನಗೆ ಹೇಳದೆ ನನ್ನ ಕೈಹಿಡಿದದ್ದರಿಂದ ನನ್ನ ಒಳಿತೂ ಆ ಕೂಡಿಕೆಯ ಹೊರಗೇ ಉಳಿದಿತ್ತು.

ಮನವಿ ಬರೆಯುವುದು ಕಷ್ಟದ ಕೆಲಸ. ಪರಿಚಯವಾದದ್ದು, ನಿಶ್ಚಿತಾರ್ಥ, ಮದುವೆ, ಬೇರೆಯಾದದ್ದು ಎಲ್ಲವನ್ನೂ ಕ್ರಮವಾಗಿ, ಬೈಗುಳವಿಲ್ಲದೆ ಬರೆಯಬೇಕು. ದೀಕ್ಷಾಸ್ನಾನದ ಪತ್ರ, ಮದುವೆಯ ಪ್ರಮಾಣಪತ್ರ, ಕೋರ್ಟಿನ ಡಿಕ್ರಿ ಜೊತೆಗಿಡಬೇಕು. ಮನವಿ ಅಂಗೀಕಾರವಾದ ಮೇಲೆ ಪ್ರತಿವಾದಿಯಾದ ನನ್ನ ಗಂಡನಿಗೂ ನೋಟಿಸ್ ಹೋಯಿತು. ಪ್ರತಿವಾದಿಗೆ ತಿಳಿಸದೆ, ಅವರ ಮಾತು ಕೇಳುವ ಅವಕಾಶ ಕೊಡದೆ ಏನೂ ನಡೆಯುವುದಿಲ್ಲ. ಆಮೇಲೆ ಯಾವ ಕಾರಣದ ಮೇಲೆ ವಿಚಾರಣೆ ಎಂದು ನಿಗದಿಯಾಯಿತು: ಪ್ರತಿವಾದಿಯ ಕಡೆಯಿಂದ ಸಂತಾನದ ನಿರಾಕರಣೆ.

ನನ್ನ ಹೇಳಿಕೆಯ ದಿನ ಸುವಾರ್ತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸಿದರು. ಪ್ರಶ್ನೆ ಕೇಳುವವರು ಒಬ್ಬ ನ್ಯಾಯಾಧೀಶ ಗುರುಗಳು, ಬರೆದುಕೊಳ್ಳುವವರು ಒಬ್ಬ ನೋಟರಿ. ಕಪ್ಪು ಕೋಟಿಲ್ಲ, ಎದುರು ವಕೀಲರ ಅಬ್ಬರವಿಲ್ಲ. ಆದರೆ ಪ್ರಶ್ನೆಗಳು ಕೋರ್ಟಿಗಿಂತ ಆಳಕ್ಕೆ ಇಳಿದವು. ನಿಶ್ಚಿತಾರ್ಥದ ನಂತರ ಮಕ್ಕಳ ಮಾತು ಬಂದಿತ್ತೇ? ಬಂದಾಗ ಅವರು ಏನೆಂದರು, ಮುಖಭಾವ ಹೇಗಿತ್ತು? ಮೊದಲ ರಾತ್ರಿಯಿಂದಲೇ ಎಚ್ಚರಿಕೆ ವಹಿಸಿದ್ದರೇ? ನೀವು ಆಕ್ಷೇಪಿಸಿದಾಗ ಯಾವ ಕಾರಣ ಕೊಟ್ಟರು? ಅಪರಿಚಿತ ಗುರುಗಳ ಮುಂದೆ ಇವಕ್ಕೆ ಉತ್ತರಿಸುವಾಗ ಗಂಟಲು ಕಟ್ಟಿತು. ಅವರು ಅವಸರಪಡಿಸಲಿಲ್ಲ. ಕೊನೆಗೆ ಬರೆದದ್ದನ್ನೆಲ್ಲ ಓದಿ ಹೇಳಿ, ತಿದ್ದಬೇಕಾದದ್ದನ್ನು ತಿದ್ದಿಸಿ, ಸಹಿ ಮಾಡಿಸಿಕೊಂಡರು.

ಬಂಧದ ರಕ್ಷಕರು ಎಂಬ ಒಬ್ಬ ಅಧಿಕಾರಿ ಈ ನ್ಯಾಯಮಂಡಳಿಯಲ್ಲಿರುತ್ತಾರೆ. 1741ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಈ ಹುದ್ದೆಯನ್ನು ಕಡ್ಡಾಯ ಮಾಡಿದರು. ಮದುವೆಯ ಪರವಾಗಿ ನ್ಯಾಯಸಮ್ಮತವಾಗಿ ಹೇಳಬಹುದಾದದ್ದನ್ನೆಲ್ಲ ಹೇಳುವುದೇ ಅವರ ಕೆಲಸ. ನಮ್ಮ ಪ್ರಕರಣದಲ್ಲಿ ಅವರು ಎತ್ತಿದ ಪ್ರಶ್ನೆ ಚೂಪಾಗಿತ್ತು: ಪ್ರತಿವಾದಿ ಸಾಲದ ಮಾತು, ಕೆಲಸದ ಮಾತು ಆಡಿದ್ದಾರೆ, ಇದು ನಿರಾಕರಣೆಯೇ ಅಥವಾ ಮುಂದೂಡಿಕೆಯೇ? ಸಂದೇಹ ಉಳಿದರೆ ಮದುವೆ ಸಿಂಧು ಎಂದೇ ತೀರ್ಮಾನಿಸಬೇಕು ಎಂಬುದು ಸಂಹಿತೆಯ ನಿಯಮ. ನನ್ನ ವಿರುದ್ಧ ವಾದಿಸುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ನನ್ನ ತಂದೆತಾಯಿ, ನನ್ನ ಶಾಲೆಯ ಮಕ್ಕಳ ತಂದೆತಾಯಿ ನಂಬಿ ನಿಂತಿರುವ ಒಂದು ಸಂಸ್ಕಾರದ ಪರವಾಗಿ ಯಾರಾದರೂ ಹಾಗೆ ನಿಲ್ಲಲೇಬೇಕು.

ಆ ಪ್ರಶ್ನೆಗೆ ಉತ್ತರ ಬಂದದ್ದು ಪ್ರತಿವಾದಿಯ ಹೇಳಿಕೆಯಿಂದಲೇ. ಅವರು ಹಾಜರಾಗದೆ ಇರಬಹುದಿತ್ತು. ಬಂದರು, ಸತ್ಯ ಹೇಳಿದರು. ದಾಖಲೆಗಳನ್ನು ಓದಲು ಇಬ್ಬರಿಗೂ ಅವಕಾಶ ಕೊಡುವ ಹಂತದಲ್ಲಿ ನಾನು ಅದನ್ನು ಓದಿದೆ. ಅವರ ತಮ್ಮ ಹುಟ್ಟಿದಾಗಿನಿಂದ ಹಾಸಿಗೆ ಹಿಡಿದು, ಹತ್ತು ತುಂಬುವ ಮುಂಚೆ ತೀರಿಕೊಂಡಿದ್ದ. ಆ ಮಗುವಿನ ನರಳಾಟವನ್ನು ಪಕ್ಕದ ಚಾಪೆಯಲ್ಲಿ ಮಲಗಿ ಕೇಳಿಸಿಕೊಂಡು ಬೆಳೆದ ಅವರು, ಒಂದು ಜೀವವನ್ನು ಈ ಲೋಕಕ್ಕೆ ನಾನು ತರುವುದಿಲ್ಲ ಎಂದು ಕಾಲೇಜಿನ ದಿನಗಳಲ್ಲೇ ಶಪಥ ಮಾಡಿಕೊಂಡಿದ್ದರು. ಮದುವೆಯಾದದ್ದು ತಾಯಿಯ ಕಣ್ಣೀರಿಗೆ ಸೋತು. ನನಗೆ ಅವರು ತಮ್ಮನ ಹೆಸರನ್ನೂ ಸರಿಯಾಗಿ ಹೇಳಿರಲಿಲ್ಲ. ಆ ಪುಟಗಳನ್ನು ಓದುತ್ತಾ ನನಗೆ ಬಂದದ್ದು ಸಿಟ್ಟಲ್ಲ. ಯಾರಾದರೂ ಒಬ್ಬರು ಮದುವೆಗೆ ಮುಂಚೆ ಅವರನ್ನು ಕೂರಿಸಿಕೊಂಡು ಈ ಭಯದ ಬಗ್ಗೆ ಕೇಳಿದ್ದರೆ ಇಬ್ಬರ ಬದುಕೂ ಬೇರೆಯಾಗುತ್ತಿತ್ತು ಎಂಬ ಸಂಕಟ.

ನ್ಯಾಯಾಧೀಶರಿಗೆ ಈ ಕಾರಣ ಬಹಳ ಮುಖ್ಯ. ಒಪ್ಪಿಗೆ ನಟಿಸಿದ್ದೇನೆ ಎಂದು ಒಬ್ಬರು ಹೇಳಿದ ಮಾತ್ರಕ್ಕೆ ನಂಬುವುದಿಲ್ಲ. ನಿರಾಕರಣೆಗೆ ಇದ್ದ ಕಾರಣ, ಆದರೂ ಮದುವೆಯಾದದ್ದಕ್ಕೆ ಇದ್ದ ಕಾರಣ, ಎರಡನ್ನೂ ತೂಗುತ್ತಾರೆ, ಮದುವೆಗೆ ಮುಂಚೆ ಅದನ್ನು ಕೇಳಿದ ಸಾಕ್ಷಿ ಬೇಕೆನ್ನುತ್ತಾರೆ. ಅವರ ಕಾಲೇಜಿನ ಗೆಳೆಯ ಸಾಕ್ಷಿ ಹೇಳಿದರು. ಮಾವನ ಕಡೆಯ ಹಿರಿಯರೊಬ್ಬರೂ ಹೇಳಿದರು. ಅವರ ತಾಯಿ ಬರಲಿಲ್ಲ.

ಮೂವರು ನ್ಯಾಯಾಧೀಶರ ಪೀಠ ಮದುವೆ ಅಸಿಂಧು ಎಂದಿತು. ಹಿಂದೆ ಇಂಥ ತೀರ್ಪನ್ನು ಮೇಲಿನ ನ್ಯಾಯಮಂಡಳಿ ಎರಡನೇ ಬಾರಿ ಒಪ್ಪಲೇಬೇಕಿತ್ತು. ಪೋಪ್ ಫ್ರಾನ್ಸಿಸ್ ತಂದ ಸುಧಾರಣೆ 2015ರ ಡಿಸೆಂಬರ್ 8ರಂದು ಜಾರಿಗೆ ಬಂದ ಮೇಲೆ, ಯಾರೂ ಮೇಲ್ಮನವಿ ಹಾಕದಿದ್ದರೆ ಮೊದಲ ತೀರ್ಪೇ ಸಾಕು. ನಮ್ಮಲ್ಲಿ ಯಾರೂ ಹಾಕಲಿಲ್ಲ. ತೀರ್ಪಿನ ಜೊತೆ ಪ್ರತಿವಾದಿಗೆ ಒಂದು ನಿರ್ಬಂಧವಿತ್ತು: ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಅನುಮತಿಯಿಲ್ಲದೆ ಇನ್ನೊಂದು ಮದುವೆ ಮಾಡಿಕೊಳ್ಳುವಂತಿಲ್ಲ. ಇದು ಶಿಕ್ಷೆಯಲ್ಲ. ಮುಂದೆ ಅವರ ಕೈಹಿಡಿಯುವ ಹೆಣ್ಣಿಗೆ ಅವರ ಮನಸ್ಸು ಮೊದಲೇ ತಿಳಿದಿರಲಿ ಎಂಬ ರಕ್ಷಣೆ. ನಮ್ಮ ದೀಕ್ಷಾಸ್ನಾನದ ಮತ್ತು ಮದುವೆಯ ದಾಖಲೆ ಪುಸ್ತಕಗಳಲ್ಲಿ ತೀರ್ಪನ್ನು ನಮೂದಿಸಿದರು.

ಅಸಿಂಧು ಎಂದರೆ ಮಕ್ಕಳಿದ್ದವರ ಮಕ್ಕಳು ಅಕ್ರಮ ಸಂತಾನವಾಗುತ್ತಾರೆಯೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಇಲ್ಲ. ಗಂಡಹೆಂಡಿರಲ್ಲಿ ಒಬ್ಬರಾದರೂ ಸದ್ಭಾವದಿಂದ ಮಾಡಿಕೊಂಡ ಮದುವೆಯಲ್ಲಿ ಹುಟ್ಟಿದ ಮಕ್ಕಳು ಧರ್ಮಸಭೆಯ ಕಾನೂನಿನಲ್ಲಿ ನ್ಯಾಯಬದ್ಧ ಮಕ್ಕಳೇ. 1137ನೇ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ಈ ಭಯದಿಂದಲೇ ಅರ್ಜಿ ಹಾಕದೆ ಕೂತವರಿದ್ದಾರೆ.

ಈಗ ನಮ್ಮ ಗುರುಗಳು ಮದುವೆಗೆ ಮುಂಚಿನ ವಿಚಾರಣೆಯಲ್ಲಿ ಹುಡುಗ ಹುಡುಗಿಯನ್ನು ಬೇರೆಬೇರೆಯಾಗಿ ಕೂರಿಸಿ ಮಾತನಾಡಿಸುತ್ತಾರೆ, ಮನೆಯವರು ಯಾರೂ ಕೋಣೆಯೊಳಗೆ ಇರುವುದಿಲ್ಲ. ಪತ್ರ ತುಂಬಿಸಿ ಸಹಿ ಹಾಕಿಸಿಕೊಳ್ಳುವುದರಲ್ಲೇ ಅದನ್ನು ಮುಗಿಸಬೇಡಿ ಎಂದು ನಾನು ಅವರಲ್ಲಿ ಬೇಡಿಕೊಂಡಿದ್ದೆ. ಉಳಿದ ಧರ್ಮಕೇಂದ್ರಗಳಲ್ಲೂ ಹಾಗಾಗಲಿ ಎಂಬುದು ನನ್ನ ಆಸೆ.

ಹೇಗೆ ಶುರುಮಾಡುವುದು ಎಂದು ಸಾಗರದಿಂದ, ಭದ್ರಾವತಿಯಿಂದ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಮೊದಲು ಜೀವಕ್ಕೆ ಅಪಾಯವಿದೆಯೇ ಎಂದು ಕೇಳುತ್ತೇನೆ. ಇದ್ದರೆ ಆ ಮನೆಯಿಂದ ಹೊರಬರುವುದೇ ಮೊದಲ ಕೆಲಸ, ಕಾಗದಪತ್ರ ಆಮೇಲೆ. ಇಲ್ಲವಾದರೆ ನಿಮ್ಮ ಧರ್ಮಕೇಂದ್ರದ ಗುರುಗಳಲ್ಲಿಗೆ ಹೋಗಿ, ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದನ್ನೂ ಹೇಳಿ, ಬಡವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಾರೆ ಎನ್ನುತ್ತೇನೆ. ಮದುವೆಗೆ ಮುಂಚಿನ ಸಂಗತಿ ಬಲ್ಲವರು ಯಾರಿದ್ದಾರೆ ಎಂದು ಯೋಚಿಸಿ ಪಟ್ಟಿ ಮಾಡಿಕೊಳ್ಳಲು ಹೇಳುತ್ತೇನೆ. ಸಾಕ್ಷಿಗಳಿಗೆ ಮಾತು ಕಲಿಸಬೇಡಿ ಎಂದೂ ಹೇಳುತ್ತೇನೆ. ಅವರು ನೆನಪಿದ್ದಷ್ಟನ್ನೇ ಹೇಳಲಿ, ನಿಮಗೆ ವಿರುದ್ಧವಾಗಿದ್ದರೂ ಹೇಳಲಿ.